ಪಟದಿಂದ ಕತ್ತರಿಸಿದ ಮುದುಕ

ದೇವರ ಪಟಗಳಿಗೆ ಕಟ್ಟು ಹಾಕುವ ನಮ್ಮ ಕಸುಬಿನಲ್ಲಿ ಒಂದೇ ಒಂದು ಕಟ್ಟಳೆ ಇತ್ತು. ದೇವರ ಕೈಕಾಲು ಕತ್ತರಿಸಬಾರದು. ಮಿಕ್ಕದ್ದು ಏನು ಹೋದರೂ ಗಿರಾಕಿ ಕೇಳುತ್ತಿರಲಿಲ್ಲ. ಕಟ್ಟುಗಳು ಹೈದರಾಬಾದಿನಿಂದ ಎರಡು ಮೂರು ಅಳತೆಯಲ್ಲಿ ಸಿದ್ಧವಾಗಿ ಬರುತ್ತಿದ್ದವು. ಜನ ತರುವ ಕ್ಯಾಲೆಂಡರಿನ ಚಿತ್ರಗಳಿಗೆ ಅಳತೆಯೇ ಇರುತ್ತಿರಲಿಲ್ಲ. ಚಿತ್ರಕ್ಕೆ ಹೊಂದುವ ಕಟ್ಟು ಮಾಡಲು ಹೊತ್ತು ಹಿಡಿಯುತ್ತದೆ. ಚಿತ್ರವನ್ನೇ ಕಟ್ಟಿಗೆ ಹೊಂದಿಸಲು ಒಂದು ಚೂಪಾದ ಬ್ಲೇಡು ಸಾಕು. ಲಕ್ಷ್ಮಿಯ ಪಕ್ಕದ ಆನೆಯ ಬಾಲ, ಕೃಷ್ಣನ ಹಿಂದಿನ ಗಿಡ, ಅಂಚಿನಲ್ಲಿ ಕೈಮುಗಿದು ನಿಂತ ಭಕ್ತ, ಎಲ್ಲವೂ ನನ್ನ ಮೇಜಿನ ಕೆಳಗೆ ಬೀಳುತ್ತಿದ್ದವು. ಬಿದ್ದದ್ದನ್ನೂ ಬಿಸಾಡುತ್ತಿರಲಿಲ್ಲ. ಚಿತ್ರ ಗಾಜಿಗೆ ಬಿಗಿಯಾಗಿ ಕೂಡಲೆಂದು ಆ ತುಂಡುಗಳನ್ನೇ ಮಡಚಿ ಅದರ ಬೆನ್ನಿಗೆ ಒತ್ತಿ, ರಟ್ಟು ಇಟ್ಟು, ಮೇಲೆ ಕಂದು ಕಾಗದ ಅಂಟಿಸಿಬಿಡುತ್ತಿದ್ದೆ. ಕಲಬುರಗಿಯ ಎಷ್ಟೋ ಮನೆಗಳಲ್ಲಿ ದೇವರ ಬೆನ್ನಿಗೆ ಇನ್ಯಾರದೋ ಕೈ, ಇನ್ಯಾವುದೋ ಗಿಡ ಇವತ್ತಿಗೂ ಇರಬೇಕು.

ಅಂಗಡಿ ಇದ್ದದ್ದು ಕೋಟೆಯಿಂದ ಶರಣಬಸವೇಶ್ವರ ಗುಡಿಯ ಕಡೆ ಹೋಗುವ ಓಣಿಯೊಂದರಲ್ಲಿ. ಈಗ ಅಲ್ಲಿ ಮೊಬೈಲಿನ ಕವರು ಮಾರುತ್ತಾರೆ. ನನಗೆ ಎಪ್ಪತ್ತು ದಾಟಿದೆ. ಮೆಟ್ರಿಕ್ ಓದಿದವನು, ಬರೆದು ರೂಢಿಯಿಲ್ಲ. ಆದರೂ ಒಂದು ಚಿತ್ರದ ಬಗ್ಗೆ, ಅದರ ಜೊತೆಗೆ ಒಬ್ಬ ಮನುಷ್ಯನ ಬಗ್ಗೆ ಬರೆಯಬೇಕಾಗಿದೆ. ಅವನಿಗೆ ನಾನು ಮಾಡಿದ್ದನ್ನು ಬಾಯಿಬಿಟ್ಟು ಹೇಳಲು ಹೋದಾಗಲೆಲ್ಲ ಮಾತು ನನಗೆ ಅನುಕೂಲವಾದ ಕಡೆಗೇ ತಿರುಗಿದೆ. ಕಾಗದದ ಮೇಲಾದರೂ ತಿರುಗದಿರಲಿ.

ಚಿತ್ರ ತಂದವರು ಐವಾನ್-ಎ-ಶಾಹಿ ಕಡೆ ಮನೆಯಿದ್ದ ಒಬ್ಬ ಟೀಚರಮ್ಮ, ಕ್ರೈಸ್ತರು. ಹಳೆಯ ವಿದೇಶಿ ಕ್ಯಾಲೆಂಡರಿನ ದೊಡ್ಡ ಹಾಳೆ ಅದು. ನೂರಾರು ವರ್ಷಗಳ ಹಿಂದೆ ಇಟಲಿ ದೇಶದಲ್ಲಿ ಬರೆದ ಚಿತ್ರವೆಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ‘ಪವಿತ್ರ ಕುಟುಂಬ’ ಎಂದು ಅದರ ಹೆಸರು. ತಾಯಿ ಕೆಂಪು ನಿಲುವಂಗಿ ತೊಟ್ಟು, ನೀಲಿ ಹೊದಿಕೆ ಹೊದ್ದು ನೆಲದ ಮೇಲೆ ಕೂತಿದ್ದಾಳೆ. ತೊಡೆಯ ಮೇಲೆ ಬರಿಮೈಯ ತುಂಬುಗೂಸು, ಅದರ ಒಂದು ಕಾಲು ಕೆಳಕ್ಕೆ ಜಾರಿದೆ. ಬಲಗಡೆ ಒಂದು ಗಿಡ, ಗಿಡದಾಚೆ ಹೊಳೆ, ಅದರಾಚೆ ನೀಲಿ ಗುಡ್ಡ. ಎಡಗಡೆ ಒಡೆದ ಗೋಡೆಯ ನೆರಳಿನಲ್ಲಿ ಒಬ್ಬ ಮುದುಕ. ಬೋಳುತಲೆ, ಬಿಳಿ ಗಡ್ಡ, ಕೋಲಿನ ಮೇಲೆ ಎರಡೂ ಕೈ. ಬರೆದವನು ಬೆಳಕನ್ನೆಲ್ಲ ತಾಯಿ ಮಗನ ಮೇಲೆ ಸುರಿದು, ಉಳಿದ ಕತ್ತಲನ್ನು ಇವನಿಗೆ ಕೊಟ್ಟಿದ್ದ. ಕ್ರಿಸ್‌ಮಸ್ಸಿನೊಳಗೆ ಗೋಡೆಗೆ ಹಾಕಬೇಕು, ಜೋಪಾನವಾಗಿ ಕಟ್ಟು ಹಾಕಿಕೊಡಿ ಎಂದು ಹೇಳಿ ಟೀಚರಮ್ಮ ಹೋದರು.

ಮುದುಕ ಯಾರೆಂದು ನನಗೆ ತಿಳಿಯಲಿಲ್ಲ. ಕುರಿ ಕಾಯುವವನೋ, ಮನೆಯ ಆಳೋ ಇರಬೇಕು ಅಂದುಕೊಂಡೆ. ತಾಯಿಯ, ಕೂಸಿನ ತಲೆಯ ಸುತ್ತ ಚಿನ್ನದ ಗೆರೆಯಿತ್ತು, ಇವನಿಗೆ ಅಂಥದ್ದೇನೂ ಕಾಣಲಿಲ್ಲ. ಪಕ್ಕದ ಗಾಜಿನಂಗಡಿಯ ಚಾಚಾ ಗಾಜು ಕೊಯ್ದು ತಂದಾಗ ಅವರನ್ನು ಕೇಳಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಏ ಬುಡ್ಢಾ ಹಮಾರೆ ಮೇ ಹೈಚ್ ನೈ, ಭಾಯ್. ನಮ್ಮ ಕುರಾನಿನಾಗ ಇಂವ ಇಲ್ಲೇ ಇಲ್ಲ. ನಮ್ಮಲ್ಲಿ ಬೀಬಿ ಮರಿಯಮ್ ಒಬ್ಬಾಕಿನೇ. ಖಜೂರದ ಗಿಡದ ಕೆಳಗ ಒಬ್ಬಾಕಿನೇ ಹಡೀತಾಳ. ಈ ಮುದುಕ ಎಲ್ಲಿಂದ ಬಂದನೋ ಇವರಲ್ಲಿ, ಗೊತ್ತಿಲ್ಲ."

ಆ ಮಾತನ್ನು ನಾನು ಅಂದು ಬರಿದೇ ಕೇಳಿಸಿಕೊಂಡೆ. ಮುಂದೆ ಅದನ್ನು ನನ್ನ ಅನುಕೂಲಕ್ಕೆ ಬಳಸಿಕೊಂಡೆ.

ಇನ್ನು ಆ ಮನುಷ್ಯನ, ಕಾಕಾನ ವಿಷಯ. ನಾನು ಹುಟ್ಟಿದ ವರ್ಷವೇ ನನ್ನ ತಂದೆ ತೀರಿಕೊಂಡ. ಅವ್ವನಿಗೆ ಕಮಲಾಪುರದವನೊಬ್ಬನ ಜೊತೆ ಉಡಕಿ ಮಾಡಿದರು. ಗಂಡ ಸತ್ತವಳಿಗೆ ಇನ್ನೊಬ್ಬನ ಹೆಸರಿನಲ್ಲಿ ಹೊಸ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವುದಕ್ಕೆ ನಮ್ಮ ಕಡೆ ಉಡಕಿ ಅನ್ನುತ್ತಾರೆ. ಅದಕ್ಕೆ ವಾಲಗವಿಲ್ಲ, ಅಕ್ಷತೆಯ ಅಕ್ಕಿಕಾಳಿಲ್ಲ. ಹಾಗೆ ಬಂದವಳನ್ನು ಮದುವೆ ಮುಂಜಿಯಲ್ಲಿ ಮುಂದಕ್ಕೆ ಕರೆಯುವುದಿಲ್ಲ. ಅವಳ ಹಿಂದೆ ಬಂದ ಮಗು ಆ ಮನೆಯಲ್ಲಿ ಉಂಡು ಬೆಳೆಯಬಹುದು, ಮನೆತನ ಮಾತ್ರ ಅದರದಲ್ಲ. ಅಪ್ಪ ಅನ್ನು ಎಂದು ಅವ್ವ ಹೇಳಿಕೊಟ್ಟಳು. ಓಣಿಯ ಹುಡುಗರು, ಅಂವ ನಿಮ್ಮಪ್ಪ ಅಲ್ಲಲೇ, ಅಂದರು. ನಾನು ಓಣಿಯ ಮಾತು ಹಿಡಿದು, ಚಿಕ್ಕಪ್ಪನಿಗೆ ಅನ್ನುವ ಹಾಗೆ ಕಾಕಾ ಅಂದೆ. ಅವನು ಅದಕ್ಕೇ ‘ಓ’ ಅಂದ. ಸಾಯುವವರೆಗೂ ಅದಕ್ಕೇ ‘ಓ’ ಅಂದ.

ಅವನದು ಕೆಂಪು ಬಾಳೆಯ ಸಣ್ಣ ತೋಟ. ಅವ್ವನಿಗೆ ಮತ್ತೆ ಮಕ್ಕಳಾಗಲಿಲ್ಲ. ತೋಟಕ್ಕೆ ನೀರು ಬಿಟ್ಟ ದಿನ ನನ್ನ ಕಾಲಿಗೆ ಕೆಸರು ಹತ್ತಬಾರದೆಂದು ಹೆಗಲ ಮೇಲೆ ಕೂಡಿಸಿಕೊಂಡು ಸಾಲುಗಳ ನಡುವೆ ತಿರುಗುತ್ತಿದ್ದ. ಬಾಳೆಯ ಎಲೆಗಳು ಮುಖಕ್ಕೆ ಬಡಿಯುತ್ತಿದ್ದವು, ನಾನು ಅವನ ಕೂದಲು ಹಿಡಿದು ಬಗ್ಗುತ್ತಿದ್ದೆ. ಹೈಸ್ಕೂಲಿಗೆ ನನ್ನನ್ನು ಕಲಬುರಗಿಗೆ ಕಳಿಸಿದವನು ಅವನೇ. ವಾರಕ್ಕೊಮ್ಮೆ ರೊಟ್ಟಿಯ ಗಂಟು ಹಿಡಿದು ಬಸ್ಸಿಗೆ ಬರುತ್ತಿದ್ದ. ನಾನು ಅವನನ್ನು ಶಾಲೆಯ ಗೇಟಿನಿಂದ ದೂರ, ಬೇವಿನ ಗಿಡದ ಕೆಳಗೆ ನಿಲ್ಲಲು ಹೇಳಿದ್ದೆ. ಅವನು ಅಲ್ಲೇ ನಿಲ್ಲುತ್ತಿದ್ದ. ಮೆಟ್ರಿಕ್ ಆದ ಮೇಲೆ ಈ ಕಟ್ಟಿನ ಕೆಲಸ ಕಲಿಯಲು ಹಚ್ಚಿದವನೂ ಅವನೇ. ನನ್ನ ಮದುವೆಯಲ್ಲಿ ತಂದೆಯ ಜಾಗದಲ್ಲಿ ಸೋದರಮಾವ ಕೂತ. ಕಾಕಾ ಅಡುಗೆಯವರಿಗೆ ಕಟ್ಟಿಗೆ ಒಡೆದು ಕೊಡುತ್ತಿದ್ದ. ಗ್ರೂಪ್ ಫೋಟೋಗೆ ಎಲ್ಲರನ್ನೂ ಕರೆದಾಗ ಅವನನ್ನು ನಾನು ಕರೆಯಲಿಲ್ಲ. ಉಡಕಿಯವರು ನಡುವೆ ನಿಲ್ಲಬಾರದು ಎಂದು ಸಂಪ್ರದಾಯದ ಮೇಲೆ ಹಾಕಿದೆ. ಫೋಟೋದಲ್ಲಿ ನಿಲ್ಲುವುದಕ್ಕೂ ಸಂಪ್ರದಾಯಕ್ಕೂ ಏನೂ ಸಂಬಂಧವಿಲ್ಲ ಎಂದು ಫೋಟೋ ಕಟ್ಟುವ ನನಗೆ ಗೊತ್ತಿತ್ತು.

ಟೀಚರಮ್ಮನ ಚಿತ್ರ ಅಂಗಡಿಗೆ ಬಂದ ಹೊತ್ತಿನಲ್ಲಿ ನನ್ನ ಮಗಳ ಮದುವೆಯ ಮಾತು ನಡೆದಿತ್ತು. ಕಲಬುರಗಿಯಲ್ಲೇ ಒಳ್ಳೆಯ ಮನೆ. ಅವ್ವ ಆಗಲೇ ತೀರಿಕೊಂಡಿದ್ದಳು. ಬೀಗರಾಗುವವರ ಮುಂದೆ ನಾನು, ನಮ್ಮ ತಂದೆ ನಾನು ಕೂಸಿದ್ದಾಗಲೇ ಹೋದರು ಎಂದಷ್ಟೇ ಹೇಳಿದ್ದೆ. ಅದು ಸುಳ್ಳಲ್ಲ. ಆಮೇಲಿನದನ್ನು ಹೇಳಲಿಲ್ಲ. ಉಡಕಿಯ ಮನೆಯೆಂದು ಗೊತ್ತಾದರೆ ಸಂಬಂಧ ಮುರಿಯುತ್ತದೆ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನ ಮಾಡಿದ್ದೆ.

ಅವರು ಅಂಗಡಿಗೆ ಬರುತ್ತೇನೆಂದು ಹೇಳಿಕಳಿಸಿದ ದಿನವೇ ಕಾಕಾ ಬೆಳಗಿನ ಬಸ್ಸಿಗೆ ಬಂದುಬಿಟ್ಟ. ಹೆಗಲ ಮೇಲಿನ ಬಾಳೆಗೊನೆಯನ್ನು ಮೂಲೆಯಲ್ಲಿ ಇಳಿಸಿ, ಸ್ಟೂಲಿನ ಮೇಲೆ ಕೂತು ನನ್ನ ಮುಖ ನೋಡಿದ.

"ದೇವ್ರಿಗೆ ಕಟ್ಟು ಹಾಕಿ ಹಾಕಿ ನೀನೂ ಪಟದಾಗಿನ ಮೂರ್ತಿ ಆಗೀದಿ ನೋಡು. ನಗೂದೇ ಇಲ್ಲ."

ಗಾಜು ಒರೆಸುತ್ತಿದ್ದ ಚಾಚಾ ನಕ್ಕರು. ನಾನು ಬಾಗಿಲ ಕಡೆ ನೋಡುತ್ತಿದ್ದೆ. ಕಾಕಾ ತಾನು ಬಂದ ಕೆಲಸ ಹೇಳಿದ. ನಮ್ಮಲ್ಲಿ ಸತ್ತವರನ್ನು ಹೂಳುತ್ತಾರೆ. ಮೊದಲ ಹಿಡಿ ಮಣ್ಣನ್ನು ಮಗ ಹಾಕಬೇಕು. ಮಗನಿಲ್ಲದವರಿಗೆ ಅಣ್ಣತಮ್ಮಂದಿರ ಮಕ್ಕಳು ಹಾಕುತ್ತಾರೆ. ಕಾಕಾ ಆಗ ಅಣ್ಣನ ಮಗನ ಮನೆಯಲ್ಲಿದ್ದ. ಅವರು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು.

"ನಾ ಹ್ವಾದ ಮ್ಯಾಲ ಮಣ್ಣ ನೀ ಕೊಡಬೇಕು," ಅಂದ. "ಅಣ್ಣನ ಮಗನ ಮುಂದ ಹೇಳೀನಿ, ಅಂವ ಹೂಂ ಅಂದಾನ. ತ್ವಾಟ ಅವಂಗೇ ಇರ್ಲಿ. ಮಣ್ಣಷ್ಟ ನಿಂದು."

"ಈಗ್ಯಾಕ ಆ ಮಾತು ಕಾಕಾ. ಮಂದಿ ಬರೋ ಹೊತ್ತು."

"ಹೂಂ ಅಂದ್ರ ಮುಗೀತಪಾ. ಎದ್ದು ಹೋಗ್ತೀನಿ."

ನಾನು ಹೂಂ ಅನ್ನಲಿಲ್ಲ. ಅಷ್ಟರಲ್ಲಿ ಹೊರಗೆ ಗಾಡಿ ನಿಂತಿತು, ಬೀಗರು ಒಳಗೆ ಬಂದರು. ಅವರನ್ನು ಕೂಡಿಸಿ ಚಹಾ ತರಿಸಿದೆ. ಮುಹೂರ್ತದ ಮಾತು, ಮಂಟಪದ ಮಾತು ಶುರುವಾಯಿತು. ಕಾಕಾ ತಾನಾಗಿಯೇ ಎದ್ದು ನನ್ನ ಮೇಜಿನ ಹತ್ತಿರ ಹೋಗಿ ನಿಂತ. ಅಲ್ಲಿ ಆ ಚಿತ್ರ ಬಿಚ್ಚಿಟ್ಟಿತ್ತು. ಅವನು ಅದನ್ನು ತುಂಬಾ ಹೊತ್ತು ನೋಡಿದ. ಓದು ಬಾರದವನು. ಅದು ಯಾರ ದೇವರೆಂದೂ ಅವನಿಗೆ ಗೊತ್ತಿರಲಿಲ್ಲ.

"ಈ ಹಿರ‍್ಯಾನ ನೋಡ್ರಿ," ಎಂದ. ಹತ್ತಿರದಲ್ಲಿ ಕೂತಿದ್ದ ಬೀಗರಿಗೇ ಹೇಳಿದ. "ಕೂಸಿನ ಮಾರಿ ನೋಡ್ಲಾಕತ್ತಿಲ್ಲ. ತಾಯಿ ಮಾರಿನೂ ನೋಡ್ಲಾಕತ್ತಿಲ್ಲ. ಕೂಸಿನ ಕಾಲ ಕೆಳಗಿನ ನೆಲ ನೋಡ್ಲಾಕತ್ತಾನ. ಜಾರಿದ್ರ ಹಿಡೀಬೇಕಲ್ಲ, ಅದಕ್ಕ." ಆಮೇಲೆ ನನ್ನ ಕಡೆ ತಿರುಗಿ ನಕ್ಕ. "ಇಂವನೂ ಹಂಗೇ. ಅವ್ವನ ತೊಡಿ ಮ್ಯಾಲ ಒಂದು ಗಳಿಗಿ ನಿಂದರ‍್ತಿದ್ದಿಲ್ಲ."

ಬೀಗರು ಚಹಾದ ಕಪ್ಪು ಕೆಳಗಿಟ್ಟರು.

"ಇವ್ರು ಯಾರ‍್ರಿ?" ಅಂದರು.

"ನಮ್ಮ ತ್ವಾಟದಾಗ ಇರೋ ಮನುಷ್ಯಾರೀ," ಅಂದೆ. "ಹಳೇ ಆಳು."

ನನ್ನ ದನಿ ನಡುಗಲಿಲ್ಲ. ಅದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಗಾಬರಿಯಲ್ಲಿ ಬಾಯಿ ತಪ್ಪಿ ಬಂತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಬಾಯಿ ತಪ್ಪಿರಲಿಲ್ಲ. ಆ ಮಾತು ಮೊದಲೇ ಒಳಗೆ ತಯಾರಾಗಿತ್ತು, ಹೈದರಾಬಾದಿನ ಕಟ್ಟಿನ ಹಾಗೆ.

ಕಾಕಾ ಒಂದು ಕ್ಷಣ ಚಿತ್ರದ ಮೇಲೆ ಕೈಯಿಟ್ಟು ನಿಂತಿದ್ದ. ಆಮೇಲೆ ಬೀಗರಿಗೆ ಕೈಮುಗಿದ. ನನಗೂ ಮುಗಿದ.

"ಬರ‍್ತೀನ್ರೀ ಸಾವ್ಕಾರ‍್ರ. ಬಾಳಿಹಣ್ಣ ಮೂಲ್ಯಾಗ ಇಟ್ಟೀನಿ."

ಅವನು ನನಗೆ ರೀ ಅಂದದ್ದು ಅದೇ ಮೊದಲು. ದನಿಯಲ್ಲಿ ಕೊಂಕಿರಲಿಲ್ಲ, ಸಿಟ್ಟೂ ಇರಲಿಲ್ಲ. ನಾನು ಹೇಳಿದ ಸುಳ್ಳು ಬೀಗರ ಮುಂದೆ ಬಿದ್ದು ಒಡೆಯದಿರಲೆಂದು ತಾನೂ ಅದಕ್ಕೊಂದು ಆಸರೆ ಕೊಟ್ಟು ಹೋದ. ಚಪ್ಪಲಿ ಮೆಟ್ಟಿಕೊಂಡು ಓಣಿಯ ಬಿಸಿಲಿಗೆ ಇಳಿದವನನ್ನು ನಾನು ತಿರುಗಿಯೂ ನೋಡಲಿಲ್ಲ. ಮುಹೂರ್ತದ ಮಾತು ಮುಂದುವರಿಯಿತು. ಬೀಗರು ಬೇಗ ಮಾತು ಮುಗಿಸಿ ಎದ್ದರು.

ಅವರು ಹೋದ ಮೇಲೆ ಚಾಚಾ ಗಾಜನ್ನು ಮೇಜಿಗೆ ಒರಗಿಸಿ, "ಆಳು ಇಟ್ಕೊಂಡಿದ್ದು ನನಗ ಗೊತ್ತೇ ಇದ್ದಿಲ್ಲ ಭಾಯ್," ಎಂದು ಹೇಳಿ ತಮ್ಮ ಅಂಗಡಿಗೆ ಹೋದರು.

ನಾನು ಚಿತ್ರಕ್ಕೆ ಅಳತೆಪಟ್ಟಿ ಇಟ್ಟೆ. ಕಟ್ಟಿಗಿಂತ ಚಿತ್ರ ಒಂದು ಗೇಣು ಅಗಲವಿತ್ತು. ಬಲಗಡೆ ಕತ್ತರಿಸಬಹುದಿತ್ತು. ಅಲ್ಲಿ ಗಿಡ ಮತ್ತು ಹೊಳೆ ಬಿಟ್ಟು ಏನೂ ಇರಲಿಲ್ಲ. ನಮ್ಮ ಕೈ ತಾನಾಗಿಯೇ ಅಂಥ ಕಡೆಗೆ ಹೋಗುತ್ತದೆ. ಅಂದು ನಾನು ಬ್ಲೇಡನ್ನು ಎಡಗಡೆ ಇಟ್ಟೆ. ಚಾಚಾನ ಪುಸ್ತಕದಲ್ಲೂ ಈ ಮುದುಕ ಇಲ್ಲವಲ್ಲ, ಇವನಿಲ್ಲದೆಯೂ ತಾಯಿ ಮಗನ ಕಥೆ ನಡೆಯುತ್ತದಲ್ಲ ಎಂದುಕೊಂಡೆ. ಅಳತೆಪಟ್ಟಿಯನ್ನು ಒತ್ತಿ ಹಿಡಿದು ಮೇಲಿನಿಂದ ಕೆಳಕ್ಕೆ ಒಂದೇ ಸಲ ಎಳೆದೆ. ಮುದುಕ ಗೋಡೆಯ ಸಮೇತ ಬೇರೆಯಾಗಿ ಬಂದ. ಆ ತುಂಡನ್ನು ಉಳಿದ ತುಂಡುಗಳ ಜೊತೆ ಮೇಜಿನ ಕೆಳಗೆ ಎಸೆದೆ. ಆ ವಾರ ಲಕ್ಷ್ಮಿಯ ಪಟಗಳು, ಶರಣಬಸವೇಶ್ವರರ ಪಟಗಳು ಬಹಳ ಬಂದಿದ್ದವು. ಅವುಗಳಲ್ಲಿ ಯಾವುದೋ ಒಂದರ ಬೆನ್ನಿಗೆ ಮುದುಕ ಹೋದ.

ಟೀಚರಮ್ಮ ಬಂದು ಪಟವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಅವರ ಮುಖದ ನಗು ಸ್ವಲ್ಪ ಸ್ವಲ್ಪವೇ ಹೋಯಿತು. ಕಟ್ಟಿನ ಎಡ ಅಂಚಿನಲ್ಲಿ ಬೆರಳು ಇಟ್ಟರು. ನಾನು ಗಮನಿಸಿರಲಿಲ್ಲ, ಅಲ್ಲಿ ಕೋಲಿನ ತುದಿ, ಅದರ ಮೇಲೆ ಮುದುಕನ ಬೆರಳುಗಳು ಉಳಿದುಕೊಂಡಿದ್ದವು.

"ಈ ಬೆರಳು ಯಾರವು ಗೊತ್ತದ ಏನ್ರಿ?" ಅಂದರು.

ಅಳತೆ ಹೆಚ್ಚಾಯಿತು, ಆಳಿನ ಚಿತ್ರ ಅಂತ ತೆಗೆದೆ ಎಂದೆ. ಈ ಕಡೆ ಗಿಡ ಇತ್ತಲ್ಲ, ಅದನ್ನು ತೆಗೆಯಬಹುದಿತ್ತಲ್ಲ ಎಂದು ಅವರು ಕೇಳಿದರು. ಅವರು ಕೂಗಾಡಲಿಲ್ಲ. ಮಕ್ಕಳಿಗೆ ಪಾಠ ಹೇಳಿ ರೂಢಿಯಾದ ದನಿಯಲ್ಲಿ, ಅಂಗಡಿಯ ಬಾಗಿಲಲ್ಲೇ ನಿಂತು, ಆ ಮುದುಕ ಯಾರೆಂದು ಹೇಳಿದರು. ಅವನು ಬಡಗಿ. ನಿಶ್ಚಯವಾದ ಹುಡುಗಿ ಬಸುರಿ ಎಂದು ತಿಳಿದಾಗ, ಸದ್ದಿಲ್ಲದೆ ಬಿಟ್ಟುಬಿಡೋಣ ಎಂದುಕೊಂಡವನು. ಕನಸಿನಲ್ಲಿ ದೇವದೂತ ಬಂದು ಹೇಳಿದ ಮೇಲೆ ಮನೆಗೆ ಕರೆದುಕೊಂಡ. ಅರಸ ಕೂಸುಗಳನ್ನು ಕೊಲ್ಲಿಸಹೊರಟಾಗ ತಾಯಿ ಮಗನನ್ನು ಕಟ್ಟಿಕೊಂಡು ದೇಶ ಬಿಟ್ಟು ಹೋದ. ಹುಡುಗ ದೊಡ್ಡವನಾದ ಮೇಲೆ ಊರವರು ಅವನನ್ನು ಬಡಗಿಯ ಮಗ ಎಂದೇ ಕರೆದರು.

"ಆತ ಆಡಿದ ಒಂದು ಮಾತೂ ನಮ್ಮ ಗ್ರಂಥದಾಗ ಇಲ್ರಿ," ಅಂದರು. "ಎಲ್ಲಾ ಮಾಡ್ಯಾನ, ಏನೂ ಅಂದಿಲ್ಲ."

ಹಾಗಾದರೆ ಅಷ್ಟು ಮುದುಕನಾಗಿ, ಅಷ್ಟು ಹಿಂದೆ ಯಾಕೆ ಬರೆದರು ಎಂದು ನಾನು ಕೇಳಿದೆ. ಕೇಳುವ ಮನಸ್ಸಿರಲಿಲ್ಲ, ಬಾಯಿ ಕೇಳಿತು. ಎಷ್ಟು ವಯಸ್ಸೆಂದು ಗ್ರಂಥದಲ್ಲಿ ಎಲ್ಲೂ ಇಲ್ಲ ಎಂದರು ಟೀಚರಮ್ಮ. ಹರೆಯದವನನ್ನು ಪಕ್ಕದಲ್ಲಿ ನಿಲ್ಲಿಸಿದರೆ ನೋಡುವವರು ಇವನೇ ತಂದೆ ಅಂದುಕೊಂಡಾರೆಂದು ಚಿತ್ರಕಾರರು ಅವನ ತಲೆ ಬೋಳಿಸಿ, ಗಡ್ಡ ಬಿಳಿ ಮಾಡಿ, ಕೋಲು ಕೊಟ್ಟು ಹಿಂದೆ ಕೂಡಿಸಿದರಂತೆ.

ಅವ್ವನ ಜೊತೆ ಉಡಕಿಯಾದಾಗ ಕಾಕಾನಿಗೆ ಮೂವತ್ತೂ ಆಗಿರಲಿಲ್ಲ. ನನ್ನನ್ನು ಹೊತ್ತ ಹೆಗಲು ಎಳೆಯ ಗಂಡಸಿನದು. ನಾನು ಕೂದಲು ಹಿಡಿದು ಬಗ್ಗುತ್ತಿದ್ದೆನಲ್ಲ, ಅದು ದಟ್ಟ ಕಪ್ಪು ಕೂದಲು. ಆದರೆ ಕಲಬುರಗಿಯಲ್ಲಿ ಯಾರಾದರೂ ಅವನ ಮಾತೆತ್ತಿದರೆ ನಾನು ಶುರುವಿನಿಂದಲೂ, ಅವನೊಬ್ಬ ಮುದುಕ, ಅನ್ನುತ್ತಿದ್ದೆ. ಮುದುಕ ಅಂದುಬಿಟ್ಟರೆ ಅವ್ವನಿಗೆ ಅವನು ಗಂಡನಾಗಿದ್ದ ಎಂಬುದು ಯಾರಿಗೂ ತೋಚುವುದಿಲ್ಲ. ಇಟಲಿಯ ಚಿತ್ರಕಾರನ ಉಪಾಯ ನನಗೆ ಯಾರೂ ಕಲಿಸದೆಯೇ ಬಂದಿತ್ತು.

"ಆ ತುಂಡು ಕೊಡ್ರಿ, ಹಚ್ಚಿಸ್ತೀನಿ," ಅಂದರು ಟೀಚರಮ್ಮ.

ತುಂಡು ಇನ್ನೊಂದು ಪಟದ ಹಿಂದೆ ಹೋಯಿತು, ಯಾವುದರ ಹಿಂದೆ ಎಂದು ಗೊತ್ತಿಲ್ಲ ಎಂದೆ. ಅವರು ನನ್ನನ್ನು ನೋಡಿದರು.

"ಅಲ್ಲೂ ಹಿಂದೇ ಕೂಡಿಸಿದ್ರಿ ಅಂವನ್ನ," ಅಂದರು. ಪಟವನ್ನು ಹಾಗೆಯೇ ಬಗಲಲ್ಲಿ ಹಿಡಿದು ಹೋದರು. ಮತ್ತೆ ನನ್ನ ಅಂಗಡಿಗೆ ಬರಲಿಲ್ಲ.

ಆ ವಾರವೇ ಕಮಲಾಪುರದ ಬಸ್ಸು ಹತ್ತಬಹುದಿತ್ತು. ಅರ್ಧ ದಿನದ ಕೆಲಸ. ಹತ್ತಲಿಲ್ಲ. ಮದುವೆ ಮುಗಿಯಲಿ ಎಂದುಕೊಂಡೆ. ಮಗಳ ಮದುವೆಗೆ ಕಾಕಾ ಹಣ್ಣಿನ ಗೊನೆಗಳನ್ನು ಗಾಡಿಯಲ್ಲಿ ತಂದು ಇಳಿಸಿದ, ಆಳುಗಳ ಪಂಕ್ತಿಯಲ್ಲಿ ಉಂಡ, ದೂರದಿಂದ ಅಕ್ಕಿಕಾಳು ಹಾಕಿ ಹೋದ. ಅಂಗಡಿಯಲ್ಲಿ ಕೇಳಿದ್ದನ್ನು ಮತ್ತೆ ಎಂದೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಒಂದು ಹೂಂ. ಎಷ್ಟು ಸಲ ಕಂಡರೂ ಅದನ್ನು ನಾನು ಅನ್ನಲಿಲ್ಲ. ಬೀಗರು ಒಳ್ಳೆಯವರೆಂದು ತಿಳಿದಷ್ಟೂ ನನ್ನ ಸುಳ್ಳನ್ನು ಬಿಚ್ಚುವುದು ಕಷ್ಟವಾಗುತ್ತಾ ಹೋಯಿತು.

ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ದಿನ ಬೆಳಿಗ್ಗೆ ಕಾಕಾನ ಅಣ್ಣನ ಮಗ ಫೋನು ಮಾಡಿದ. ಆಗ ನಾನು ಬೀಗರ ಮನೆಯಲ್ಲಿದ್ದೆ.

"ಕಾಕಾ ಹೋಗ್ಯಾರ‍್ರಿ," ಅಂದ. "ಮಣ್ಣ ನೀವೇ ಕೊಡ್ಬೇಕಂತ ಅವರ ಮಾತದ. ಕಾಯ್ತೇವಿ, ಬರ‍್ರಿ."

ಬರುತ್ತೇನೆ ಅಂದೆ. ಫೋನು ಇಟ್ಟು ಹಿಂದೆ ತಿರುಗಿದಾಗ ಬೀಗರು ನಿಂತಿದ್ದರು. ಏನಾಯಿತೆಂದು ಕೇಳಿದರು. ತೋಟದ ಮುದುಕ ತೀರಿಕೊಂಡ ಎಂದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. ಹೋಗಿರಿ, ಇಲ್ಲಿಯದನ್ನು ನಾವು ನೋಡಿಕೊಳ್ಳುತ್ತೇವೆ, ಗಾಡಿ ಕೊಡುತ್ತೇನೆ ಎಂದರು.

"ಆಳ ಮನುಷ್ಯಾರೀ," ಅಂದೆ. "ಏನು ಅವಸರಿಲ್ಲ."

ಅವರು ಕೈ ತೆಗೆದರು. ನಾನು ತೊಟ್ಟಿಲು ತೂಗಿದೆ, ಹೆಸರು ಕೂಗುವಾಗ ನಕ್ಕೆ, ಪಂಕ್ತಿಯಲ್ಲಿ ಕೂತು ಹೋಳಿಗೆ ಉಂಡೆ. ಆಮೇಲೆ ಬಸ್ಸು ಹಿಡಿದೆ. ಕಮಲಾಪುರಕ್ಕೆ ಇಳಿದಾಗ ಹೊತ್ತು ಇಳಿದಿತ್ತು. ತೋಟದ ಬದುವಿನಲ್ಲಿ, ಅವ್ವನ ಪಕ್ಕದಲ್ಲಿ, ಮಣ್ಣು ಮುಚ್ಚಿಯಾಗಿತ್ತು. ಜನ ಕೈಕಾಲು ತೊಳೆಯುತ್ತಿದ್ದರು. ಅಣ್ಣನ ಮಗ ಸಲಿಕೆ ಹಿಡಿದು ನಿಂತಿದ್ದ, ಅವನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಇನ್ನು ಕಾಯಬೇಡಿ ಎಂದು ಹಿರಿಯರು ಅಂದರಂತೆ. ಅವನು ಅಷ್ಟೇ ಹೇಳಿದ. ಯಾರು ಬಂದರೂ ಒಂದು ಹಿಡಿ ಹಾಕುತ್ತಾರೆ, ಹಾಕಿರಿ ಎಂದು ದಾರಿ ಬಿಟ್ಟ. ಊರವರು ಹಾಕಿದಂತೆ ನಾನೂ ಹಾಕಿದೆ.

ಬದುವಿನ ಮೇಲೆ ಕೂತಿದ್ದ ಮುದುಕಿಯೊಬ್ಬಳು ನನ್ನ ಇಸ್ತ್ರಿ ಅಂಗಿ ನೋಡಿ, "ನೀವು ಯಾರ‍್ರಿ? ಅಂವಗ ಏನಾಗಬೇಕು?" ಎಂದು ಕೇಳಿದಳು.

ಅಲ್ಲಿ ಬೀಗರಿರಲಿಲ್ಲ. ಅಲ್ಲಿ ನನಗೆ ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲ.

"ಕಲಬುರಗಿಯವನ್ರಿ," ಅಂದೆ. "ಪರಿಚಯದವ."

ಅಣ್ಣನ ಮಗ ಕೇಳಿಸಿಕೊಂಡ. ತಿದ್ದಲಿಲ್ಲ. ಸಲಿಕೆಯ ಮಣ್ಣು ಕೆರೆಯುತ್ತ ಆ ಕಡೆ ಹೋದ.

ಇದಾಗಿ ಬಹಳ ವರ್ಷವಾಯಿತು. ಹೋದ ವರ್ಷ ಬೀಗರು ಹಾಸಿಗೆ ಹಿಡಿದರು. ನೋಡಲು ಹೋಗಿ ಪಕ್ಕದಲ್ಲಿ ಕೂತಾಗ, ಇನ್ನಾದರೂ ಹೇಳಿಬಿಡಬೇಕು ಅನ್ನಿಸಿತು. ನಿಮ್ಮ ಮುಂದೆ ಒಂದು ಸುಳ್ಳು ಹೇಳಿದ್ದೇನೆ ಎಂದು ಶುರು ಮಾಡಿದೆ. ಅವರು ಕಣ್ಣು ಮುಚ್ಚಿಕೊಂಡೇ, "ಕಮಲಾಪುರದ ಮಾತೇನ್ರಿ?" ಅಂದರು.

ನಾನು ಅವರ ಮುಖ ನೋಡಿದೆ.

"ಲಗ್ನದ ಮಾತಿಗೆ ಬರೂಕಿಂತ ಮದಲೇ ಹೋಗಿ ಕೇಳಿ ಬಂದಿದ್ದೆ. ಹೆಣ್ಣು ತರೋ ಮಂದಿ ಕೇಳದೆ ಇರ‍್ತೀವೇನು? ತನ್ನದಲ್ಲದ ಹುಡುಗನ್ನ ಹೆಗಲ ಮ್ಯಾಲ ಹೊತ್ತು ಸಾಕ್ಯಾನ ಅಂತ ಊರೆಲ್ಲಾ ಹೇಳ್ತು. ಅಂಥವನ ಕೈಯಾಗ ಬೆಳದವ ಕೆಟ್ಟವ ಇರಲಿಕ್ಕಿಲ್ಲಂತ ತಿಳಿದು ಹೂಂ ಅಂದೆ."

"ಮತ್ತ ಅಂಗಡ್ಯಾಗ ಯಾರಂತ ಕೇಳಿದ್ರಲ್ಲ," ಅಂದೆ.

"ನಿಮ್ಮ ಬಾಯಿಂದ ಬರ‍್ತದೇನೋ ಅಂತ ಕೇಳಿದ್ದೆ. ತೊಟ್ಟಲದ ದಿನಾನೂ ಕೇಳಿದೆ."

ಅಷ್ಟು ಹೇಳಿ ಅವರು ಗೋಡೆಯ ಕಡೆ ಮಗ್ಗುಲಾದರು. ಬೈದಿದ್ದರೆ ಎದ್ದು ಬರಲು ಸುಲಭವಾಗುತ್ತಿತ್ತು. ನಾನು ಯಾವ ಮನುಷ್ಯನನ್ನು ಬಚ್ಚಿಟ್ಟು ಆ ಮನೆಗೆ ಮಗಳನ್ನು ಕೊಟ್ಟೆನೋ, ಆ ಮನೆಯವರು ಅದೇ ಮನುಷ್ಯನ ಮುಖ ನೋಡಿ ನನ್ನ ಮಗಳನ್ನು ತಂದುಕೊಂಡಿದ್ದರು. ಬೀಗರಿಗೆ ಎಲ್ಲ ತಿಳಿದಿದೆಯೆಂದು ಮಗಳಿಗೂ ಗೊತ್ತಿತ್ತು. ಅಜ್ಜನನ್ನು ಒಂದು ಸಲ ಮನೆಗೆ ಕರೆಯಬೇಕೆಂದು ಅವಳಿಗೆ ಆಸೆಯಿತ್ತಂತೆ. ನನ್ನ ಮುಖ ನೋಡಿ ಸುಮ್ಮನಿದ್ದಳಂತೆ.

ಮೊಮ್ಮಗಳ ಮೊಬೈಲಿನಲ್ಲಿ ಅಂಥ ಚಿತ್ರಗಳನ್ನು ಈಗಲೂ ಹುಡುಕಿಸಿ ನೋಡುತ್ತೇನೆ. ಎಷ್ಟೊಂದಿವೆ. ಕೆಲವುಗಳಲ್ಲಿ ಮುದುಕ ನಿದ್ದೆ ಮಾಡುತ್ತಿರುತ್ತಾನೆ, ಕೆಲವುಗಳಲ್ಲಿ ಕತ್ತೆಯ ಹಗ್ಗ ಹಿಡಿದಿರುತ್ತಾನೆ. ಒಂದರಲ್ಲಿ ಕೂಸನ್ನು ತಾನೇ ಎತ್ತಿಕೊಂಡಿದ್ದಾನೆ. ಅಲ್ಲಿ ಅವನು ಮುದುಕನೂ ಅಲ್ಲ. ಟೀಚರಮ್ಮ ತಂದ ಚಿತ್ರ ಮಾತ್ರ ಇದುವರೆಗೆ ಸಿಕ್ಕಿಲ್ಲ. ಅವನ ಕಣ್ಣು ನಿಜವಾಗಿಯೂ ನೆಲದ ಮೇಲಿತ್ತೋ, ಕಾಕಾ ಹಾಗೆ ಕಂಡನೋ, ನನಗೆ ಈಗ ಹೇಳಲು ಬರುವುದಿಲ್ಲ. ನಾನು ಸರಿಯಾಗಿ ನೋಡಿರಲಿಲ್ಲ.

ಈ ವರ್ಷ ಕಾಕಾನ ಸಮಾಧಿಗೆ ಪೂಜೆ ಮಾಡುವ ದಿನ ಹತ್ತಿರ ಬಂದಾಗ ನಾನೇ ಕಮಲಾಪುರಕ್ಕೆ ಹೋಗಿ ಅಣ್ಣನ ಮಗನನ್ನು ಕೇಳಿದೆ. ಅವನಿಗೂ ಈಗ ವಯಸ್ಸಾಗಿದೆ. ಈ ಸಲದ ಪೂಜೆ ನಾನು ಮಾಡುತ್ತೇನೆ, ಒಂದೇ ಒಂದು ಸಲ, ಅಂದೆ. ಅವನು ನನಗೆ ನೀರು ಕೊಟ್ಟ, ಹಣ್ಣು ಕೊಟ್ಟ.

"ಅದು ಮನಿ ಮಂದಿ ಮಾಡೋದದರೀ," ಅಂದ. ಹೇಳುವಾಗ ಅವನಿಗೇ ಸಂಕೋಚವಾಗಿತ್ತು. "ನೀವು ಊಟಕ್ಕ ಬರ‍್ರಿ. ತಪ್ಪಿಸಬ್ಯಾಡ್ರಿ."

ಹೋದೆ. ಪೂಜೆ ಮುಗಿಯುವವರೆಗೆ ಊರವರ ಜೊತೆ ಚಾಪೆಯ ಮೇಲೆ ಕೂತಿದ್ದೆ. ಆಮೇಲೆ ಎಲೆ ಹಾಕಿದರು. ದೂರದಿಂದ ಬಂದವರು ಎಂದು ನನಗೆ ಮೊದಲು ಬಡಿಸಿದರು. ಉಂಡೆ.